ಅಪ್ಪನ ಕಡೆಯವನು

ಸುಳ್ಳು ಹೇಳಬೇಕು, ಆದರೆ ಎಷ್ಟು ಸಲ ಕೇಳಿದರೂ ಅದೇ ಸುಳ್ಳನ್ನು ಹೇಳಬೇಕು. ಅಷ್ಟೇ ನಿಯಮ.

ಕಾಂತರಾಜು ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಈ ನಿಯಮವನ್ನು ಮತ್ತೊಮ್ಮೆ ಒಪ್ಪಿಕೊಂಡ. ಪರದೆಯ ಮೇಲೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಕಾವನ್ನು ಓದಿ ಹೇಳುವ ಫಂಕ್ಷನ್ ಇತ್ತು. ಅದನ್ನು ಬರೆದವನು ಅವನಲ್ಲ. ಯಾವುದೋ ದೇಶದ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿಯ ಒಂದು ತುಂಡು. ನಿಜವಾದ ಬ್ಯಾರನ್ನಿನೊಳಗೆ, ಬೆಂಕಿಯ ಶಾಖದಲ್ಲಿ ಬಾಡುತ್ತ ತೂಗುವ ಹೊಗೆಸೊಪ್ಪಿನ ನಡುವೆ ಸಿಕ್ಕಿಸಿದ ಸೆನ್ಸರನ್ನು ಅದು ಕೇಳುತ್ತದೆ; ಬಂದ ಉತ್ತರವನ್ನು ತಂದು ಕೊಡುತ್ತದೆ.

ಹುಣಸೂರಿನ ಗೊಬ್ಬರದಂಗಡಿಯ ಮಹಡಿಯ ಮೇಲಿನ ಅವನ ಆಫೀಸಿನಲ್ಲಿ ಬ್ಯಾರನ್ ಇಲ್ಲ, ಬೆಂಕಿಯಿಲ್ಲ. ಆದ್ದರಿಂದ ಪರೀಕ್ಷೆ ಮಾಡುವಾಗ ಆ ಫಂಕ್ಷನ್ನನ್ನು ಪಕ್ಕಕ್ಕೆ ಸರಿಸಿ, ಅದರದೇ ಹೆಸರಿನ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸಬೇಕು. ಕೇಳಿದರೆ ನೂರಾ ಅರವತ್ತು ಡಿಗ್ರಿ ಅನ್ನು ಎಂದು ಹೇಳಿಕೊಟ್ಟರೆ ಅದು ನೂರಾ ಅರವತ್ತು ಅನ್ನುತ್ತದೆ. ಅವನು ಬರೆದ ಕೋಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಂಬಿಕೊಂಡು ಮುಂದಿನ ಕೆಲಸ ಮಾಡುತ್ತದೆ. ಪರದೆಯ ಮೇಲೆ ಹಸಿರು ಗೆರೆ ಮೂಡುತ್ತದೆ.

ಇಂಥದ್ದಕ್ಕೆ ಪುಸ್ತಕಗಳಲ್ಲಿ ಮಾಕ್ ಎನ್ನುತ್ತಾರೆ. ಎದುರಿನ ಮೇಜಿನ ಪವಿತ್ರ ಒಂದು ದಿನ ಅದೇನೆಂದು ಕೇಳಿ ತಿಳಿದುಕೊಂಡು, "ಓ, ಡಮ್ಮಿ" ಎಂದಿದ್ದಳು. ಅಂದಿನಿಂದ ಆಫೀಸಿನಲ್ಲಿ ಎಲ್ಲರಿಗೂ ಅದು ಡಮ್ಮಿಯೇ.

ಪವಿತ್ರಳ ಕೆಲಸ ರೈತರ ಕರೆಗಳಿಗೆ ಉತ್ತರ ಕೊಡುವುದು. ಬ್ಯಾರನ್ನಿನ ಕಾವು ಮಿತಿಮೀರಿದರೆ ರೈತನ ಫೋನಿಗೆ ತಾನಾಗಿ ಹೋಗುವ ಕರೆಯಲ್ಲಿರುವ ದನಿಯೂ ಅವಳದೇ. ಒಮ್ಮೆ ಕಿಟಕಿ ಬಾಗಿಲು ಹಾಕಿಕೊಂಡು ಧ್ವನಿಮುದ್ರಿಸಿದ್ದು. ಕಾಂತರಾಜುವಿನ ಪರೀಕ್ಷೆಗಳಲ್ಲಿ ಕರೆ ಮಾಡುವ ಫಂಕ್ಷನ್ನಿಗೂ ಡಮ್ಮಿಯಿತ್ತು. ಅದು ಯಾರಿಗೂ ಕರೆ ಮಾಡುತ್ತಿರಲಿಲ್ಲ. ಕರೆ ಹೋಯಿತು ಎಂದು ವರದಿ ಮಾತ್ರ ಕೊಡುತ್ತಿತ್ತು. ಎರಡು ವರ್ಷದಿಂದ ಅವಳ ದನಿಯನ್ನು ಪರೀಕ್ಷಿಸುತ್ತಿದ್ದವನು ಪರೀಕ್ಷೆಯಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

"ಕಾಂತಣ್ಣ, ಸಾಯಂಕಾಲ ನೆನಪೈತಾ?" ಎಂದಳು ಪವಿತ್ರ, ಫೋನಿನಿಂದ ತಲೆಯೆತ್ತದೆ.

ಅವನು ಹ್ಞೂಂ ಎಂದ.

ಮರೆಯುವಂಥದ್ದಲ್ಲ. ಬರುವ ಭಾನುವಾರ ಅವಳ ಮದುವೆ. ಗಂಡು ಚೆಲುವರಾಜು, ಎಚ್.ಡಿ. ಕೋಟೆಯಲ್ಲಿ ಹೈಸ್ಕೂಲು ಮೇಷ್ಟ್ರು. ದಿಬ್ಬಣ ಬಂದಾಗ ಹೆಣ್ಣಿನ ಅಣ್ಣನೋ ತಮ್ಮನೋ ಗಂಡಿನ ಕಾಲು ತೊಳೆದು ಒಳಗೆ ಕರೆದುಕೊಳ್ಳಬೇಕು. ಪವಿತ್ರಳಿಗೆ ಒಡಹುಟ್ಟಿದವರಿಲ್ಲ. ಆ ಜಾಗಕ್ಕೆ ಕಾಂತರಾಜು. ಅವನನ್ನು ಯಾರೂ ಕೇಳಿರಲಿಲ್ಲ, ಅವಳ ತಾಯಿ ಹೇಳಿ ಕಳಿಸಿದ್ದಳು. ಬೇರೆಯವರಾಗಿದ್ದರೆ ಕೇಳುತ್ತಿದ್ದರು, ಮನೆಯ ಮಗನನ್ನು ಕೇಳುವುದೇನು. ಶಾಸ್ತ್ರದ ವಿವರ ಹೇಳಲು ಇವತ್ತು ಮನೆಗೆ ಬರಬೇಕು ಎಂದು ಅಪ್ಪಣೆಯಾಗಿತ್ತು.

ಇವತ್ತು ಹೇಳಿಬಿಡಬೇಕು ಎಂದು ಅವನು ಬೆಳಿಗ್ಗೆ ಪಿರಿಯಾಪಟ್ಟಣದ ರೂಮಿನಲ್ಲಿ ಹಲ್ಲುಜ್ಜುವಾಗಲೇ ನಿಶ್ಚಯಿಸಿದ್ದ. ಹೇಳಬೇಕಾದ್ದು ಒಂದೇ ಪದ.

ಮೊದಲ ಸಲ ಅವನು ಅವಳನ್ನು ಮನೆಗೆ ಬಿಟ್ಟ ದಿನ ಬಸ್ ಮುಷ್ಕರವಿತ್ತು. ಬೈಕಿನ ಸದ್ದಿಗೆ ಹೊರಬಂದ ಸುನಂದಮ್ಮ ಮೊದಲು ಮಗಳನ್ನು ನೋಡಿ, ಆಮೇಲೆ ಬೈಕನ್ನು ನೋಡಿ, ಕೊನೆಗೆ ಅವನನ್ನು ನೋಡಿದಳು. ಯಾವೂರು ಎಂದಳು. ಕೆ.ಆರ್. ನಗರದ ಕಡೆ ಎಂದ. ಅಲ್ಲಿ ಯಾರ ಪೈಕಿ ಎಂದಳು. ಬೋರಯ್ಯನವರ ಮನೆಯ ಹೆಸರು ಬಾಯಿಂದ ಬಿತ್ತು. ಸುನಂದಮ್ಮನ ಮುಖ ಅರಳಿತು. ಬೋರಯ್ಯನವರೂ ತೀರಿಹೋದ ಅವಳ ಗಂಡನ ಮನೆಯವರೂ ದಾಯಾದಿಗಳು. ನಾಲೆಯ ನೀರಿನ ಆಸೆಗೆ ಆ ಕವಲು ಎಂದೋ ಆ ಕಡೆ ಹೋಗಿ ನೆಲೆಸಿತ್ತು.

"ಅವರ್ಗೂ ನಿಂಗೂ ಎಂಗೆ? ಅಪ್ಪನ ಕಡೆನೋ, ಅವ್ವನ ಕಡೆನೋ?"

ಅವ್ವನ ಕಡೆ. ಅವನ ತಾಯಿ ಬೋರಯ್ಯನವರ ಮಗಳು. ಹಾಗೆ ಹೇಳಿದ್ದರೆ ಪವಿತ್ರಳ ತಂದೆ ಅವನಿಗೆ ವರಸೆಯಲ್ಲಿ ಸೋದರಮಾವ. ಪವಿತ್ರ ಮಾವನ ಮಗಳು, ಕೇಳಿ ಮದುವೆಯಾಗಬಹುದಾದವಳು. ಹಾಗೆ ಮದುವೆಯಾಗಬಹುದಾದವನ ಬೈಕಿನ ಹಿಂದೆ ಆ ಊರಿನ ಹುಡುಗಿ ಕೂರುವಂತಿಲ್ಲ. ಅವತ್ತೇ ಕೊನೆ. ಇಷ್ಟೆಲ್ಲ ಲೆಕ್ಕ ಅವನ ತಲೆಯಲ್ಲಿ ಎಷ್ಟು ಬೇಗ ನಡೆಯಿತೆಂದರೆ ಸುನಂದಮ್ಮನಿಗೆ ಅವನು ತಡೆದದ್ದೂ ಗೊತ್ತಾಗಲಿಲ್ಲ.

"ಅಪ್ಪನ ಕಡೆ," ಎಂದಿದ್ದ.

"ಅಂಗಾರೆ ನಿಂಗೆ ಅಣ್ಣ ಆಗ್ಬೇಕು ಕಣವ್ವ," ಎಂದು ಸುನಂದಮ್ಮ ಮಗಳಿಗೆ ಹೇಳಿ, ಕಾಫಿಗೆ ಒಳಗೆ ಕರೆದಿದ್ದಳು.

ಕೋಡ್ ಬರೆಯುವವರು ಇದನ್ನು ದಿನಾ ಮಾಡುತ್ತಾರೆ. ನಿಜವಾದ ಉತ್ತರ ಸಿಗುವವರೆಗೆ ಕೆಲಸ ನಿಲ್ಲದಿರಲಿ ಎಂದು ಒಂದು ಉತ್ತರ ಬರೆದಿಟ್ಟು, ಆಮೇಲೆ ಬದಲಿಸಬೇಕು ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾರೆ. ಟಿಪ್ಪಣಿ ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನಷ್ಟು ಕೋಡ್ ಏಳುತ್ತದೆ.

ಅವನಿಗೆ ದಕ್ಕಿದ್ದು ಇಷ್ಟು: ಅವತ್ತು ತಮ್ಮಿಬ್ಬರ ನಡುವೆ ಬ್ಯಾಗು ಇಟ್ಟುಕೊಂಡು ಕೂತಿದ್ದ ಪವಿತ್ರ, ಮಾರನೆಯ ದಿನದಿಂದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡಳು. ಹಂಪ್ ಬಂದಲ್ಲೆಲ್ಲ ಅವನ ಭುಜದ ಮೇಲೆ ಕೈಯಿಟ್ಟಳು. ಹುಣಸೂರಿನಿಂದ ಕಂಪಲಾಪುರದವರೆಗೆ ಎಲ್ಲೆಲ್ಲಿ ಹಂಪ್ ಇದೆ ಎಂಬುದು ಅವನಿಗೆ ಬಾಯಿಪಾಠವಾಯಿತು.

ಕಳೆದುಕೊಂಡದ್ದೂ ಇತ್ತು. ಅಣ್ಣನಾದವನು ತಂಗಿಯನ್ನು 'ನೀನು' ಎನ್ನಬೇಕು. ಅದು ಅವನ ಬಾಯಿಗೆ ಬರಲಿಲ್ಲ. 'ನೀವು' ಎಂದರೆ ಅವಳು ನಗುತ್ತಿದ್ದಳು. ಹಾಗಾಗಿ ಅವಳೊಡನೆ ಎರಡೂ ಬೇಡದ ಅರ್ಧ ವಾಕ್ಯಗಳಲ್ಲಿ ಮಾತಾಡುವುದನ್ನು ಕಲಿತಿದ್ದ. ಊಟ ಆಯ್ತಾ. ಇವತ್ತು ಲೇಟಾ. ಸರಿ ಮತ್ತೆ. ಎರಡು ವರ್ಷದಲ್ಲಿ ಅವಳಿಗೆ ಒಂದು ಪೂರ್ಣ ವಾಕ್ಯ ಹೇಳಿದ ನೆನಪು ಅವನಿಗಿರಲಿಲ್ಲ.

ಪೂರ್ಣ ವಾಕ್ಯಗಳೆಲ್ಲ ರೂಮಿನಲ್ಲಿ ನಡೆಯುತ್ತಿದ್ದವು. ಅಲ್ಲಿ ಇನ್ನೊಬ್ಬ ಪವಿತ್ರ ಇದ್ದಳು. ಅವಳಿಗೆ ಅವನು ಎಲ್ಲವನ್ನೂ ವಿವರಿಸಿ ಹೇಳುತ್ತಿದ್ದ. ಅವಳು ಕೆಲವು ಸಲ ಸಿಟ್ಟಾಗುತ್ತಿದ್ದಳು. ಎಷ್ಟು ಸಿಟ್ಟಾಗಬೇಕೆಂದು ಅವನು ನಿರ್ಧರಿಸಿದ್ದನೋ ಅಷ್ಟೇ. ಬಹಳ ಸಲ ಸುಮ್ಮನಿದ್ದು, ಕೊನೆಗೆ, "ಮೊದ್ಲೇ ಹೇಳ್ಬಾರ್ದಿತ್ತಾ?" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವನು ಆ ಮಾತುಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಹನ್ನೊಂದರ ಹೊತ್ತಿಗೆ ಅಂಕಯ್ಯನ ಕರೆ ಬಂತು.

ಪವಿತ್ರ ಸ್ಪೀಕರ್ ಹಾಕಿದಳು. ಕೂಗಾಡುವವರ ಕರೆಯನ್ನು ಅವಳು ಒಬ್ಬಳೇ ಕೇಳುತ್ತಿರಲಿಲ್ಲ. ಅಂಕಯ್ಯ ಕಂಪಲಾಪುರದಾಚೆಯ ರೈತ. ಅವನ ಬ್ಯಾರನ್ನಿನ ಒಂದಿಡೀ ಸೊಪ್ಪು ಕಾವು ಹೆಚ್ಚಾಗಿ ಕಪ್ಪಾಗಿತ್ತು. ಫೋನು ಎಚ್ಚರಿಸುತ್ತದೆಂದು ನಂಬಿ ಅವನು ನೆಂಟರ ಮನೆಗೆ ಹೋಗಿದ್ದ.

"ಬೇರೆ ದಿನ ಎಲ್ಲಾ ನೀನೇ ಅಲ್ವವ್ವ ಫೋನ್ ಮಾಡಿ ಕಾವು ಜಾಸ್ತಿ ಆಗದೆ ಅಂತಿದ್ದೋಳು? ಮೊನ್ನೆ ಎಲ್ಗೋಗಿದ್ದೆ?"

"ಅದು ನಾನಲ್ಲ ಕಣಣ್ಣ. ಮಿಷಿನ್ನು."

"ದನಿ ನಿಂದೇ."

"ದನಿ ನಂದೇ. ಮಾತಾಡೋದು ನಾನಲ್ಲ."

ಅಂಕಯ್ಯ ಕೂಗುವುದನ್ನು ಬಿಟ್ಟ. "ನಾನು ಪ್ರತಿ ಸಲಾನೂ ಆಯ್ತು ಕಣವ್ವ ನೋಡ್ತೀನಿ ಅಂತ ಹೇಳೇ ಫೋನ್ ಇಡ್ತಿದ್ದೆ," ಎಂದ. ಸೊಪ್ಪು ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ಅವಮಾನವಾದಂತಿತ್ತು.

ಕಾರಣ ಹುಡುಕಲು ಕಾಂತರಾಜುವಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಗೋಡೆಯ ಹೊರಗಿನ ವಯರನ್ನು ಇಲಿ ಕಡಿದಿತ್ತು. ಸೆನ್ಸರ್ ಮಾತಾಡಲಿಲ್ಲ. ಲೈಬ್ರರಿ ಸುಳ್ಳು ಹೇಳುವಂಥದ್ದಲ್ಲ. ಉತ್ತರವಿಲ್ಲ ಎಂದೇ ಹೇಳಿತ್ತು, ಖಾಲಿಯನ್ನು ಕೊಟ್ಟಿತ್ತು. ಅವನ ಕೋಡ್ ಆ ಖಾಲಿಯನ್ನು ಸೊನ್ನೆ ಎಂದು ಓದಿತು. ಸೊನ್ನೆ ಡಿಗ್ರಿಯ ಬ್ಯಾರನ್ನಿಗೆ ಯಾವ ಅಪಾಯವೂ ಇಲ್ಲ. ಕರೆ ಹೋಗಲಿಲ್ಲ.

ಅವನ ಡಮ್ಮಿ ಮಾತ್ರ ಯಾವತ್ತೂ ಖಾಲಿ ಕೊಟ್ಟಿರಲಿಲ್ಲ. ಕಡಿಮೆ ಕೊಡು ಎಂದರೆ ಕಡಿಮೆ, ಜಾಸ್ತಿ ಎಂದರೆ ಜಾಸ್ತಿ, ಏನಾದರೊಂದು ಕೊಡುತ್ತಿತ್ತು. ಏನೂ ಹೇಳದೆ ಇರುವುದೂ ಒಂದು ಉತ್ತರ ಎಂದು ಅವನಿಗೆ ಹೊಳೆದಿರಲಿಲ್ಲ.

ಯಜಮಾನ ನೀಲಕಂಠಸ್ವಾಮಿ ಬಾಗಿಲಲ್ಲಿ ನಿಂತು, ಟೆಸ್ಟು ಪಾಸಾಗಿತ್ತಲ್ಲವೇ ಎಂದು ಕೇಳಿದರು. ಪಾಸಾಗಿತ್ತು ಎಂದ. ಎಲ್ಲವೂ? ಎಲ್ಲವೂ. ಅವರು ತಲೆದೂಗಿ, ಹಾಗಾದರೆ ಇಲಿಯದೇ ತಪ್ಪು ಎಂಬ ಮುಖಭಾವದಲ್ಲಿ ತಮ್ಮ ಕೋಣೆಗೆ ಹೋದರು.

ಸಂಜೆ ಆಫೀಸಿನ ಮೆಟ್ಟಿಲಿಳಿದು ಬಂದ ಪವಿತ್ರ ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ತಂದುಕೊಂಡಳು. ಬೈಕಿನಲ್ಲಿ ಕೂತಾಗ ಅದು ಇಬ್ಬರ ನಡುವೆ ಬಂತು. ಅವನು ಕನ್ನಡಿಯಲ್ಲಿ ನೋಡಿದ. ಅವಳು ಕೇರಳದ ಕಡೆಗೆ ಹೋಗುತ್ತಿದ್ದ ಲಾರಿಯನ್ನು ನೋಡುತ್ತಿದ್ದಳು.

ಮದುವೆ ನಿಶ್ಚಯವಾದ ಹುಡುಗಿ. ಅಣ್ಣನಾದರೂ ಎಚ್ಚರ ಇರಲಿ ಎಂದು ಯಾರೋ ಹೇಳಿರಬೇಕು. ಅಥವಾ ಯಾರೂ ಹೇಳದೆಯೇ ಅವಳು ಹಾಗೆ ಮಾಡಿರಬೇಕು. ಎರಡನೆಯದಾಗಿರಲಿ ಎಂದು ಅವನು ಆಸೆಪಟ್ಟ. ಅಣ್ಣನ ಜತೆಗೆ ಅಂಥ ಎಚ್ಚರ ಬೇಕಿಲ್ಲ; ಎಚ್ಚರವಿದ್ದರೆ ಏನೋ ಇದೆ. ಇಂಥ ತರ್ಕದಲ್ಲಿ ಅವನು ನುರಿತವನಾಗಿದ್ದ.

ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಬ್ಯಾರನ್ನುಗಳು ಹೊಗೆಯಾಡುತ್ತಿದ್ದವು. ಬೇಯುವ ಸೊಪ್ಪಿನ ಸಿಹಿ ಘಾಟು ಹೆಲ್ಮೆಟ್ಟಿನೊಳಗೆ ತುಂಬಿಕೊಂಡಿತು.

"ವಯರ್ ಕಿತ್ತೋದ್ರೆ ಏನಾಯ್ತದೆ ಅಂತ ಟೆಸ್ಟ್ ಮಾಡಿರ್ಲಿಲ್ವಾ?" ಎಂದಳು ಹಿಂದಿನಿಂದ.

"ಕಿತ್ತೋಗುತ್ತೆ ಅಂದ್ಕೊಂಡಿರ್ಲಿಲ್ಲ."

"ನೀವು ಅಂದ್ಕೊಂಡಿದ್ದು ಮಾತ್ರನಾ ಟೆಸ್ಟ್ ಮಾಡೋದು?"

ಹಂಪ್ ಬಂತು. ಅವಳು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಳು.

ಕಂಪಲಾಪುರದಲ್ಲಿ ಹೆದ್ದಾರಿ ಬಿಟ್ಟು ಮಣ್ಣುದಾರಿಗೆ ತಿರುಗಿದಾಗ ಅವನು ಆ ಪದವನ್ನು ಹೆಲ್ಮೆಟ್ಟಿನೊಳಗೆ ಮೆಲ್ಲಗೆ ಹೇಳಿ ನೋಡಿದ. ಅವ್ವ. ಅಷ್ಟೇ. ಅಮ್ಮಾ, ನಾನು ಅವತ್ತು ತಪ್ಪು ಹೇಳಿದ್ದೆ, ಅವ್ವನ ಕಡೆ. ಸುನಂದಮ್ಮ ಕಣ್ಣರಳಿಸುತ್ತಾಳೆ. ಪವಿತ್ರ ಬಾಗಿಲ ಹಿಂದಿನಿಂದ ಕೇಳಿಸಿಕೊಳ್ಳುತ್ತಾಳೆ. ಆಮೇಲೆ? ಆಮೇಲೆ ಅವಳು ಹೇಳುವುದೊಂದೇ: ಮೊದ್ಲೇ ಹೇಳ್ಬಾರ್ದಿತ್ತಾ. ಅದರಾಚೆಗೆ ಅವನು ಬರೆದಿರಲಿಲ್ಲ.

ಮನೆಯ ಮುಂದೆ ಚಪ್ಪರದ ಕಂಬಗಳು ಆಗಲೇ ನೆಟ್ಟಿದ್ದವು. ಜಗುಲಿಯ ಮೇಲೆ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. ಪವಿತ್ರಳ ತಾತ, ಅಪ್ಪನ ಅಪ್ಪ ಜವರಯ್ಯ. ಕಾಕನಕೋಟೆಯ ಕಡೆ ಮಗಳ ಮನೆಯಲ್ಲೇ ಇರುವವನು, ಮದುವೆಗೆಂದು ಬಂದಿದ್ದ. ಕಾಂತರಾಜು ಅವನನ್ನು ನೋಡಿದ್ದು ಇದೇ ಮೊದಲು.

"ಬಾ ಮಗ," ಎಂದು ಸುನಂದಮ್ಮ ಕುರ್ಚಿ ತಂದಿಟ್ಟಳು. ಗಂಡಿನ ಕಡೆಯವರು ಏನೇನು ಕೇಳಿದರು, ಅಡುಗೆಯವನು ಹೇಗೆ ಕೈಕೊಡಲಿದ್ದ, ತಾನು ಹೇಗೆ ಬಾಯಿ ಮಾಡಿದೆ ಎಂದೆಲ್ಲ ಹೇಳಿದಳು. ಅಣ್ಣ ಇದ್ದಾನೆ ಎಂದು ಹೇಳಿದ ಮೇಲೆ ಅವರಿಗೂ ಸಮಾಧಾನವಾಯಿತಂತೆ. ಗಂಡು ದಿಕ್ಕಿಲ್ಲದ ಮನೆ ಅನ್ನಿಸಿಕೊಳ್ಳುವುದು ತಪ್ಪಿತಂತೆ. ಅವನು ಪ್ರತಿ ವಾಕ್ಯದ ಕೊನೆಯಲ್ಲೂ ಬಾಯಿ ತೆರೆಯಲು ನೋಡಿದ. ಪ್ರತಿ ವಾಕ್ಯದ ಕೊನೆಯೂ ಇನ್ನೊಂದರ ಮೊದಲಾಗಿತ್ತು.

ಜವರಯ್ಯ ಅವನನ್ನೇ ನೋಡುತ್ತಿದ್ದ.

"ಯಾರ್ಲಾ ನೀನು?" ಎಂದ ಕೊನೆಗೆ.

ಬೋರಯ್ಯನವರ ಮನೆಯ ಹುಡುಗ ಎಂದು ಸುನಂದಮ್ಮ ಕೂಗಿ ಹೇಳಿದಳು.

"ಬೋರಯ್ಯಂಗೆ ಇದ್ದೋನು ಒಬ್ನೇ ಗಂಡ್ಮಗ. ಅವ್ನು ಮದ್ವೆ ಇಲ್ದಂಗೇ ಸತ್ತ." ಮುದುಕ ಕಂಬಳಿಯನ್ನು ಭುಜದಿಂದ ಇಳಿಸಿದ. "ನಿಮ್ಮವ್ವನ ಹೆಸರೇನ್ಲಾ?"

ಇದು ಅವನು ಕಾಯುತ್ತಿದ್ದ ಗಳಿಗೆ. ಆದರೆ ಹೀಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ. ಒಪ್ಪಿಕೊಳ್ಳಬೇಕೆಂದು ಬಂದವನು ಸಿಕ್ಕಿಬಿದ್ದಿದ್ದ.

"ಚೆಲುವಮ್ಮ," ಎಂದ.

"ಬೋರಯ್ಯನ ಮಗಳು ಚೆಲುವಿ?" ಜವರಯ್ಯ ಬೊಚ್ಚುಬಾಯಿ ತೆರೆದು ನಕ್ಕ. "ನಮ್ ಚೆಲುವಿ ಮಗನೇನ್ಲಾ? ಅಂಗಾರೆ ನೀನು ಅಳಿಯ ಆಗ್ಬೇಕು ಕಣ್ಲಾ. ಅಣ್ಣ ಎಲ್ಲಿಂದ ಬಂದ?"

ಒಳಗೆ ಪಾತ್ರೆಯ ಸದ್ದು ನಿಂತಿತು.

ಸುನಂದಮ್ಮ ಕಾಂತರಾಜುವಿನ ಮುಖ ನೋಡಿದಳು. ಅವನು ಚಪ್ಪರದ ಕಂಬ ನೋಡಿದ. ಆ ಮೌನ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತು ಅವನು ಬದುಕಿದ. ಈಗ ಏನಾದರೂ ಆಗಬೇಕು. ಯಾರಾದರೂ ಬೈಯಬೇಕು. ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಕು. ಕೇಳಿದರೆ ಹೇಳುತ್ತೇನೆ, ಪೂರ್ಣ ವಾಕ್ಯದಲ್ಲಿ ಹೇಳುತ್ತೇನೆ.

"ಸುತ್ತಿ ಬಳಸಿ ನೋಡುದ್ರೆ ಎಲ್ರೂ ಎಲ್ಲಾ ಆಯ್ತಾರೆ ಬುಡಿ ಮಾವ," ಎಂದಳು ಸುನಂದಮ್ಮ. "ಎರಡು ವರ್ಷದಿಂದ ಅಣ್ಣ ಅಂತ ಕರ್ದವ್ಳೆ. ಕರ್ದ ಮೇಲೆ ಮುಗೀತು."

"ಅದೂ ಸರಿಯೇ," ಎಂದ ಜವರಯ್ಯ, ಕಂಬಳಿಯನ್ನು ಮತ್ತೆ ಮೇಲೆಳೆದುಕೊಳ್ಳುತ್ತ.

ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ನಿಜ ಹೊರಬಿದ್ದಿತ್ತು. ಯಾವುದೂ ಕುಸಿಯಲಿಲ್ಲ. ಅವನಿಗೆ ಆಶ್ಚರ್ಯವಾದದ್ದು ಅದೇ: ಡಮ್ಮಿಯನ್ನು ತೆಗೆದು ನಿಜವಾದದ್ದನ್ನು ಅದರ ಜಾಗಕ್ಕೆ ತಂದಿಟ್ಟರೂ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿತ್ತು. ಸುನಂದಮ್ಮ ಬಾಳೆಕಂಬದ ವಿಷಯಕ್ಕೆ ಹೋಗಿದ್ದಳು. ಅಂಥ ಸುಳ್ಳನ್ನು ಯಾಕೆ ಹೇಳಿದ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿರಬೇಕು. ಗೊತ್ತಿರುವುದರಿಂದಲೇ ಕೇಳಲಿಲ್ಲವೇನೋ. ಮದುವೆಗೆ ಅಣ್ಣ ಬೇಕಾಗಿತ್ತು, ಅಳಿಯನಾಗಿ ಮೇಷ್ಟ್ರು ಸಿಕ್ಕಿಯಾಗಿತ್ತು.

ಕಾಲು ತೊಳೆಯುವುದು ಹೇಗೆಂದು ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಮಂಟಪದ ಮುಂದೆ ಅಷ್ಟು ಜನರೆದುರು ತಡವರಿಸಿದರೆ ನಗೆಪಾಟಲು. ಈಗಲೇ ಒಂದು ಸಲ ಮಾಡಿ ನೋಡಿಬಿಡು ಎಂದಳು. ಹಿತ್ತಿಲಿಂದ ನೀರು ತರಲು ಕಳಿಸಿದಳು.

ಹಿತ್ತಿಲಿನ ತೊಟ್ಟಿಯ ಬಳಿ ಪವಿತ್ರ ಆಗಲೇ ಚೊಂಬಿಗೆ ನೀರು ತುಂಬುತ್ತಿದ್ದಳು. ಆಫೀಸಿನ ಬಟ್ಟೆ ಬದಲಿಸಿ ನೈಟಿ ಹಾಕಿಕೊಂಡು ಮೇಲೆ ಟವೆಲ್ ಹೊದ್ದಿದ್ದಳು. ಚೊಂಬು ತುಂಬಿ ಹರಿದರೂ ನಲ್ಲಿ ನಿಲ್ಲಿಸಲಿಲ್ಲ.

"ಹುಣಸೂರು ಬಸ್ ಸ್ಟ್ಯಾಂಡಲ್ಲಿ ಒಂದ್ಸಲ ಕೇಳಿದ್ದೆ," ಎಂದಳು.

"ಏನು?"

"ನಿಮ್ಮವ್ವನ ತವರು ಯಾವೂರು ಅಂತ."

ಅವನಿಗೆ ನೆನಪಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ.

"ಟೀ ಕುಡೀತಿದ್ರಿ. ಗೊತ್ತಿಲ್ಲ ಅಂದ್ರಿ." ಅವಳು ನಲ್ಲಿ ತಿರುಗಿಸಿದಳು. "ಅವ್ವನ ತವರು ಗೊತ್ತಿಲ್ದೋರು ಇರ್ತಾರಾ ಕಾಂತಣ್ಣ?"

"ಆಮೇಲೆ?"

"ಆಮೇಲೇನು. ಬಿಸ್ಕತ್ ತಗೊಂಡ್ರಿ."

ಅವನು ತಲೆಯೊಳಗೆ ಹುಡುಕಿದ. ಎಷ್ಟೋ ಟೀಗಳು, ಎಷ್ಟೋ ಸಂಜೆಗಳು. ಪಕ್ಕದ ಬೆಂಚಿನಲ್ಲಿ ಬೈಲಕುಪ್ಪೆಗೆ ಹೋಗುವ ಬಸ್ಸಿಗೆ ಕಾಯುವ ಲಾಮಾಗಳು, ಕಡಲೆಕಾಯಿ ಮಾರುವವನು. ಆ ಪ್ರಶ್ನೆ ಮಾತ್ರ ಎಲ್ಲೂ ಇರಲಿಲ್ಲ. ರೂಮಿನ ಪವಿತ್ರ ಅವನು ಹೇಳಿಕೊಟ್ಟದ್ದನ್ನು ಮಾತ್ರ ಆಡುತ್ತಿದ್ದಳು, ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಅವಳ ಮಾತು ಕೇಳುತ್ತ ಕೇಳುತ್ತ ಅವನ ಕಿವಿಗೆ ಇವಳದು ಬಿದ್ದಿರಲಿಲ್ಲ.

"ಅವತ್ತು ಹೇಳಿದ್ದಿದ್ರೆ?" ಎಂದ. ದನಿ ಅವನದೇ ಎನ್ನಿಸಲಿಲ್ಲ.

ಪವಿತ್ರ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಸಾಕಾಗುತ್ತಿತ್ತು.

"ಅವತ್ತು ಕೇಳಿದ್ದೆ," ಎಂದಳು. "ಈಗ ಕೇಳ್ತಿಲ್ಲ. ಹಿಡ್ಕೊಳ್ಳಿ, ಚೊಂಬು ತಣ್ಣಗದೆ."

ಅವನು ಹಿಡಿದುಕೊಂಡ. ಅವಳ ಬೆರಳು ತಾಕಲಿಲ್ಲ. ಚೊಂಬಿನ ಕತ್ತನ್ನು ಅವಳು ಹಾಗೆ ಹಿಡಿದಿದ್ದಳು.

ಅಂಗಳದಲ್ಲಿ ಸುನಂದಮ್ಮ ಮಣೆ ಹಾಕಿ, ಅದರ ಮುಂದೆ ತಟ್ಟೆಯಿಟ್ಟು, ಪಕ್ಕದಲ್ಲಿ ಹೊಸ ಟವೆಲೊಂದನ್ನು ಮಡಿಸಿಟ್ಟಿದ್ದಳು. ಮಣೆಯ ಮೇಲೆ ಯಾರನ್ನಾದರೂ ನಿಲ್ಲಿಸೋಣವೇ ಎಂದು ಮಾವನನ್ನು ಕೇಳಿದಳು. ಯಾರೂ ಬೇಡ, ಗಂಡು ನಿಂತಿದ್ದಾನೆ ಎಂದುಕೊಂಡು ಮಾಡಲಿ ಎಂದ ಜವರಯ್ಯ. ಜಗು​ಲಿಯ ಅಂಚಿಗೆ ಸರಿದು ಕೂತು, ಮಾಡಿಸಲು ಸಿದ್ಧನಾದ.

ಕಾಂತರಾಜು ಮಂಡಿಯೂರಿದ. ಸಿಮೆಂಟು ಇನ್ನೂ ಹಗಲಿನ ಬಿಸಿಲನ್ನು ಇಟ್ಟುಕೊಂಡಿತ್ತು.

"ಮೊದ್ಲು ಬಲಗಾಲು," ಎಂದ ಜವರಯ್ಯ. "ನೀರು ಸುಮ್ನೆ ಸುರೀಬೇಡ. ಒಂದು ಕೈಲಿ ಉಯ್ಯಿ, ಇನ್ನೊಂದ್ರಲ್ಲಿ ಉಜ್ಜು. ಇಮ್ಮಡಿನೂ ಬುಡಂಗಿಲ್ಲ."

ಅವನು ಉಯ್ದ. ನೀರು ಬರಿಯ ಮರದ ಮೇಲೆ ಬಿದ್ದು ತಟ್ಟೆಗೆ ಇಳಿಯಿತು. ಇನ್ನೊಂದು ಕೈಯಿಂದ ಅವನು ಇಲ್ಲದ ಪಾದವನ್ನು ಹಿಡಿದ. ಮೊದಲು ಕೈಗೆ ನಾಚಿಕೆಯಾಯಿತು; ಗಾಳಿಯಲ್ಲಿ ತಡಕಾಡಿತು. ಆಮೇಲೆ ಅದಕ್ಕೆ ಅಳತೆ ಸಿಕ್ಕಿತು. ಹೆಬ್ಬೆರಳು ಪಾದದ ಕಮಾನಿನ ಕೆಳಗೆ ಹೋಯಿತು, ಉಳಿದ ಬೆರಳುಗಳು ಮೇಲೆ ಬಾಗಿದವು. ಅಂಗೈ ಹಿಮ್ಮಡಿಯ ಸುತ್ತ ಮೆಲ್ಲಗೆ ತಿರುಗಿತು. ಅವನು ಅಷ್ಟು ಜೋಪಾನವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಜವರಯ್ಯ ನಗತೊಡಗಿದ.

"ಅದೇನ್ಲಾ ಅಷ್ಟು ಸಣ್ಣ ಕಾಲು ತೊಳೀತಿದ್ದೀಯೆ? ಗಂಡಸ್ನ ಕಾಲು ಕಣ್ಲಾ ಅದು. ಮೇಷ್ಟ್ರುದು."

ಸುನಂದಮ್ಮನೂ ನಕ್ಕಳು. ಕಾಂತರಾಜು ತನ್ನ ಕೈಗಳನ್ನು ನೋಡಿದ. ಅವು ಹಿಡಿದಿದ್ದ ಆಕಾರ ಇನ್ನೂ ಹಾಗೇ ಇತ್ತು. ದೊಡ್ಡದು ಮಾಡಲು ನೋಡಿದ, ಬೆರಳುಗಳು ಅಗಲವಾಗಲಿಲ್ಲ.

"ಈಗ ಎಡಗಾಲು," ಎಂದ ಮುದುಕ.

ಅವನು ಮತ್ತೆ ನೀರು ಉಯ್ದ. ತಟ್ಟೆ ತುಂಬಿ, ನೀರು ಅಂಚು ದಾಟಿ ನೆಲಕ್ಕಿಳಿಯಿತು. ಅಂಗಳ ಹಿತ್ತಿಲ ದಾರಿಯ ಕಡೆಗೆ ವಾಟವಾಗಿತ್ತು. ಅಲ್ಲಿ ಗೋಡೆಗೆ ಭುಜ ಒರಗಿಸಿ ಪವಿತ್ರ ಬರಿಗಾಲಲ್ಲಿ ನಿಂತಿದ್ದಳು. ಅವನು ತಲೆಯೆತ್ತಲಿಲ್ಲ, ನೀರಿನ ಮೊನೆ ಸಿಮೆಂಟಿನ ಬಿರುಕುಗಳನ್ನು ಹುಡುಕುತ್ತ, ಅಲ್ಲಲ್ಲಿ ನಿಂತು, ಮತ್ತೆ ಹೊರಟು ಅವಳ ಬೆರಳುಗಳ ಹತ್ತಿರ ಹೋಗುವುದನ್ನು ನೋಡುತ್ತಿದ್ದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಒರೆಸು ಈಗ," ಎಂದ ಜವರಯ್ಯ.

ಕಾಂತರಾಜು ಟವೆಲಿನ ಮಡಿಕೆ ಬಿಚ್ಚಿದ. ಖಾಲಿ ಮಣೆಯ ಮೇಲೆ ಬಗ್ಗಿ, ಒಂದೊಂದೇ ಬೆರಳ ಸಂದಿಯನ್ನು ಒರೆಸತೊಡಗಿದ.